ಬೇರೆ ಉಗ್ರಾಣ ಸೇರಿದ ಪಾತೇಲಿ

ಗೋಕಾಕದ ಗಿರಣಿಯ ಭೋಂಗಾ ಇನ್ನೂ ಕೂಗಿಲ್ಲ. ಊರಿನ ಒಂದು ಹೆರಿಗೆ ಆಸ್ಪತ್ರೆಯ ಹಿಂಬದಿಯಲ್ಲಿ, ರಕ್ತ ಇಡುವ ಕೋಣೆಯಲ್ಲಿ, ರೂಪಾಲಿ ಕಂಪ್ಯೂಟರಿನ ಗುಂಡಿ ಒತ್ತಿ, ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಾರೆ. ಪರದೆ ಬೆಳಗುತ್ತದೆ. ಅವರು ಮೊದಲು ಬಡಿಯುವುದು ತಮ್ಮದೇ ಹೆಸರು. ಪ್ರಿಂಟರ್ ಕರಕರ ಎಂದು ಒಂದು ಕಾರ್ಡು ಉಗುಳುತ್ತದೆ: ಹೆಸರು, ವಯಸ್ಸು, ರಕ್ತದ ಗುಂಪು. ಎ ಪಾಸಿಟಿವ್. ಸರಿಯಾಗಿದೆ.

‘ಇವತ್ತೂ ನಾನು ನಾನ ಅದೀನ್ರಿ’ ಎಂದು ನಗುತ್ತಾರೆ. ಕಾರ್ಡನ್ನು ಮಾತ್ರ ಇನ್ನೊಮ್ಮೆ ಓದುತ್ತಾರೆ.

ನನಗೋ ಕಂಪ್ಯೂಟರ್ ಎಂದರೆ ರೇಲ್ವೆ ಟಿಕೆಟ್ ಕೊಡುವ ಡಬ್ಬಿ. ರಕ್ತ ಕಂಡರೆ ಕಣ್ಣು ಕತ್ತಲೆ. ಎರಡನ್ನೂ ಒಂದೇ ಕೋಣೆಯಲ್ಲಿ ಇಟ್ಟುಕೊಂಡು ಈ ಹೆಣ್ಣುಮಗಳು ಹೇಗಪ್ಪಾ ದಿನ ತೆಗೆಯುತ್ತಾರೆ ಅನ್ನಿಸಿತು. ಆಸ್ಪತ್ರೆಯ ಹೆಸರು ಬರೆಯಬಾರದು ಎಂಬ ಕರಾರಿನ ಮೇಲೆಯೇ ಅವರು ಮಾತಿಗೆ ಸಿಕ್ಕಿದ್ದು. ಇನ್ನೊಂದು ಕರಾರೂ ಇತ್ತು. ಅದನ್ನು ಆಮೇಲೆ ಹೇಳುತ್ತೇನೆ.

ರೂಪಾಲಿಯವರದು ಮಸಗುಪ್ಪಿಯ ಜೈನ ಒಕ್ಕಲು ಮನೆ. ಬೆಳಗಾವಿಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿ, ಈ ಆಸ್ಪತ್ರೆಗೆ ಮಷೀನು ಬಂದ ವರ್ಷವೇ ಕೆಲಸಕ್ಕೆ ಸೇರಿದರು. ನಸುಕಿನ ಬಸ್ಸಿಗೆ ಬಂದರೆ ಮರಳುವುದು ದೀಪ ಹಚ್ಚುವ ಹೊತ್ತಿಗೆ. ರಕ್ತ ಇಡುವ ಈ ಕೋಣೆಯಲ್ಲಿ ದೊಡ್ಡ ಕಂಪ್ಯೂಟರ್. ಅದು ಸರ್ವರ್, ಎಲ್ಲರ ಮಾಹಿತಿಯನ್ನು ಕಾಯುವುದು ಅದೇ. ಹೆರಿಗೆ ವಾರ್ಡಿನ ಮೇಜಿನ ಮೇಲೆ ಚಿಕ್ಕದೊಂದು. ಬೇಕಾದ್ದನ್ನು ಅದು ಸರ್ವರಿನಿಂದ ಕೇಳಿ ತಂದು ತೋರಿಸುತ್ತದೆ. ಹೆರಿಗೆಗೆ ಬಂದವಳ ಹೆಸರು ಬಡಿದರೆ, ಬಸುರಿಯಾಗಿದ್ದಾಗಿನ ತಪಾಸಣೆಯಲ್ಲಿ ಬರೆದಿಟ್ಟ ಅವಳ ರಕ್ತದ ಗುಂಪು ಕಾರ್ಡಿನ ಮೇಲೆ ಮೂಡಬೇಕು. ಎರಡೂ ಕಡೆಯ ಪ್ರೋಗ್ರಾಂ ಬರೆದವರು ರೂಪಾಲಿಯೇ. ಆಸ್ಪತ್ರೆಗೆ ಬಂದುಹೋಗುವ ಯಾರಿಗೂ ಇದು ಗೊತ್ತಿಲ್ಲ.

ಎರಡು ವರ್ಷದ ಹಿಂದೆ, 2001ರ ಮಳೆಗಾಲದಲ್ಲಿ ಘೋಡಗೇರಿಯ ಕಾಡವ್ವ ಎಂಬ ಕೂಲಿಯಾಕೆಯನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ತಂದರು. ಚೊಚ್ಚಲ ಹೆರಿಗೆ, ರಕ್ತ ನಿಲ್ಲುತ್ತಿಲ್ಲ. ವಾರ್ಡಿನ ಮಷೀನು ಬಿ ಪಾಸಿಟಿವ್ ಎಂದು ಕಾರ್ಡು ಕೊಟ್ಟಿತು. ಅದೇ ಗುಂಪಿನ ಚೀಲ ಸ್ಟ್ಯಾಂಡಿಗೆ ಏರಿತು. ‘ಟೈಲ್ ನೋಡಿದ್ರೇನ್ರಿ ಸಿಸ್ಟರ್?’ ಎಂದು ಡಾಕ್ಟರ್ ವೃಷಭ ಗದರಿದರು. ರಕ್ತಕ್ಕೆ ರಕ್ತ ಕೂಡುತ್ತದೆಯೇ ಎಂದು ನೋಡಲು ನರ್ಸ್ ತಾಯವ್ವ ಬಿಳಿ ಟೈಲಿನ ಮೇಲೆ ಕಾಡವ್ವನ ರಕ್ತದ ತಿಳಿಗೆ ಚೀಲದ ರಕ್ತದ ಹನಿ ಬೆರೆಸಿದರು. ಒಡೆದ ಹಾಲಿನ ಹಾಗೆ ಗಂಟುಗಂಟಾಯಿತು. ಆ ಚೀಲದ ರಕ್ತ ಕಾಡವ್ವನ ಮೈಗೆ ಹೋಗಿದ್ದರೆ ಅವಳು ಉಳಿಯುತ್ತಿರಲಿಲ್ಲ.

‘ತಾಯವ್ವ ಚೀರಿದ್ದು ಇನ್ನೂ ಕಿವಿಯಾಗ ಐತ್ರಿ’ ಎನ್ನುತ್ತಾರೆ ರೂಪಾಲಿ. ‘ನಾ ಓಡಿ ಹ್ವಾದೆ. ಆಕಿದು ಓ ಪಾಸಿಟಿವ್. ಅದಕ್ಕ ಸ್ವಲ್ಪ ಮೊದಲ ಬಂದಿದ್ದ ಬ್ಯಾರೆ ಹೆಣ್ಮಗಳದು ಬಿ. ಈಕಿ ಹೆಸರಿನ ಮುಂದ ಆಕಿ ಗುಂಪು ಬಂದು ಕುಂತಿತ್ತು. ಮಷೀನ್ ಬಂದ್ ಮಾಡಿ ಚಾಲೂ ಮಾಡಿದೆ, ಓ ಅಂತ ತೋರಿಸ್ತು. ಸುಳ್ಳ ಹೇಳಿ ಬಾಯಿ ಒರಿಸ್ಕೊಂಡವರಂಗ!’

ಕರೆಂಟಿನ ಏರಿಳಿತ ಎಂದರು ಕೆಲವರು. ಧೂಳು ಎಂದರು ಇನ್ನು ಕೆಲವರು. ವಾರ್ಡಿನ ಮಷೀನಿಗೆ ಬಟ್ಟೆ ಮುಚ್ಚಿ, ಎಲ್ಲವನ್ನೂ ಕೈಯಿಂದ ಬರೆಯುವ ಪದ್ಧತಿಗೆ ಡಾಕ್ಟರು ಮರಳಿದರು. ರೂಪಾಲಿ ಬಟ್ಟೆ ಸರಿಸಿ ಕೂತು ಹುಡುಕಿದರು. ಅವರು ನೋಡುತ್ತಿರುವಾಗ ತಪ್ಪು ಒಮ್ಮೆಯೂ ಬರಲಿಲ್ಲ. ನೂರಾರು ಕಾರ್ಡು ತೆಗೆದರೂ ಎಲ್ಲ ಸರಿ. ಇದೇ ಅವರನ್ನು ಹೆದರಿಸಿಬಿಟ್ಟಿತು. ದಿನವೂ ಕಚ್ಚುವ ನಾಯಿಯಿಂದ ದೂರ ಇರಬಹುದು. ಎಂದೋ ಒಮ್ಮೆ ಕಚ್ಚುವುದನ್ನು ಏನು ಮಾಡುವುದು? ಊಟ ಸೇರದೆ ಅವರು ಸೊರಗಿದರು. ಮಗಳಿಗೆ ಗಾಳಿ ಸೋಕಿದೆಯೆಂದು ತಾಯಿ ದೃಷ್ಟಿ ನಿವಾಳಿಸಿದ್ದೂ ಆಯಿತು.

ಉತ್ತರ ಸಿಕ್ಕಿದ್ದು ಆಸ್ಪತ್ರೆಯಲ್ಲಲ್ಲ, ಮಸಗುಪ್ಪಿಯ ಹಿತ್ತಲಲ್ಲಿ, ಮುಸುರೆ ತಿಕ್ಕುವಾಗ.

ಅಜ್ಜಿ ಇಂದುಬಾಯಿಯವರ ಉಪವಾಸ ವ್ರತ ಮುಗಿದು ಪಾರಣೆಯ ಊಟವಿತ್ತು. ಅಡುಗೆಗೆ ಬಸದಿಯ ಉಗ್ರಾಣದಿಂದ ದೊಡ್ಡ ಪಾತೇಲಿಗಳು ಬಂದಿದ್ದವು. ಕೈ ತೊಳೆಯುವ ನೀರು ತುಂಬಿಡಲೆಂದು ಮೂಡಲಗಿಯ ಬಾಡಿಗೆ ಅಂಗಡಿಯಿಂದಲೂ ಒಂದಿಷ್ಟು ತರಿಸಿದ್ದರು. ಬಸದಿಯ ಪಾತೇಲಿಯಲ್ಲಿ ಉಳ್ಳಾಗಡ್ಡಿ ಕೂಡ ಬೇಯುವಂತಿಲ್ಲ. ಬಾಡಿಗೆಯವು ಯಾವ ಮನೆಯಲ್ಲಿ ಏನು ಬೇಯಿಸಿ ಬಂದಿದ್ದವೋ! ನೋಡಲು ಎರಡೂ ಒಂದೇ. ಕಂಠದ ಮೇಲೆ ಕೊರೆದ ಹೆಸರಷ್ಟೇ ಗುರುತು. ಊಟವಾದ ಮೇಲೆ ಹೆಂಗಸರು ಗಡಿಬಿಡಿಯಲ್ಲಿ ತೊಳೆದು ಪೇರಿಸಿದರು. ಬಸದಿಯದೊಂದು ಬಾಡಿಗೆಯ ಟೆಂಪೋ ಏರಿತು, ಬಾಡಿಗೆಯದೊಂದು ಬಸದಿಯ ಉಗ್ರಾಣಕ್ಕೆ ಹೋಯಿತು. ಉಗ್ರಾಣ ನೋಡಿಕೊಳ್ಳುವ ಪಾಯಪ್ಪ ಕಾಕಾ ಕಂಠದ ಮೇಲೆ ಬೆರಳಾಡಿಸಿದವರೇ ಪಾತೇಲಿಯನ್ನು ಹೊತ್ತುಕೊಂಡು ತಿರುಗಿ ಬಂದರು.

‘ಯಾರಿಂದ ತಂದೀರಿ ಅವರಿಗೆ ಕೊಡೂದ ಬಿಟ್ಟು, ಖಾಲಿ ಜಾಗ ಕಂಡಲ್ಲಿ ಇಟ್ಟ ಬರ್ತೀರೇನು? ಇವತ್ತ ಏನೂ ಕಾಣೂದಿಲ್ಲ. ಮುಂದಿನ ಪಾರಣಿಗೆ ಯಾರೋ ಪಾಪ ಇದರಾಗ ಅನ್ನ ಮಾಡ್ತಾರ, ಯಾರೋ ಉಣ್ತಾರ. ತಪ್ಪ ಮಾಡಿದವರು ಒಬ್ಬರು, ಕೆಡೂದು ಇನ್ನೊಬ್ಬರ ವ್ರತ!’

ರೂಪಾಲಿಯ ಕೈಯಲ್ಲಿದ್ದ ಚೊಂಬು ಕೆಳಗೆ ಬಿತ್ತು.

ಅವರು ನನಗೆ ತಿಳಿಹೇಳಿದ್ದು ಹೀಗೆ. ಪ್ರೋಗ್ರಾಂ ಕೆಲಸ ಮಾಡುವಾಗ ಕಂಪ್ಯೂಟರಿನ ಮೆಮೊರಿಯಲ್ಲಿ ಒಂದಿಷ್ಟು ಜಾಗ ಎರವಲು ಪಡೆಯುತ್ತದೆ. ಕೆಲಸ ಮುಗಿದ ಮೇಲೆ ಮರಳಿಸುತ್ತದೆ. ಸರ್ವರಿಗಾಗಿ ಬರೆದ ಕೋಡಿಗೆ, ಅಂದರೆ ಪ್ರೋಗ್ರಾಂನ ಸಾಲುಗಳಿಗೆ, ತನ್ನದೇ ಉಗ್ರಾಣ; ವಾರ್ಡಿನ ಮಷೀನಿನ ಕೋಡಿಗೆ ಬೇರೆ ಉಗ್ರಾಣ. ಎರಡು ಸಲ ಯಾಕೆ ಬರೆಯಲಿ ಎಂದು ರೂಪಾಲಿ ಸರ್ವರಿನ ಕೋಡಿನ ಒಂದು ತುಂಡನ್ನು ವಾರ್ಡಿನ ಪ್ರೋಗ್ರಾಂನಲ್ಲೂ ಸೇರಿಸಿದ್ದರು. ಆ ತುಂಡು ಒಂದು ಉಗ್ರಾಣದಿಂದ ಜಾಗ ತರುತ್ತಿತ್ತು. ಉಳಿದ ಪ್ರೋಗ್ರಾಂ ಅದನ್ನು ಇನ್ನೊಂದಕ್ಕೆ ಮರಳಿಸುತ್ತಿತ್ತು. ಎರಡೂ ಕಡೆಯ ಲೆಕ್ಕ ಕೆಡುತ್ತಿತ್ತು. ಒಬ್ಬಳ ಮಾಹಿತಿ ಇನ್ನೂ ಇರುವ ಜಾಗವನ್ನೇ ಮಷೀನು ಖಾಲಿಯೆಂದು ಮತ್ತೊಬ್ಬಳಿಗೆ ಕೊಟ್ಟುಬಿಡುತ್ತಿತ್ತು. ಬಹಳ ಸಲ ಏನೂ ಆಗುತ್ತಿರಲಿಲ್ಲ. ಆ ದಿನ ಕಾಡವ್ವನ ಪಾಲಿಗೆ ಆಯಿತು.

ಮರುದಿನವೇ ಗೋಕಾಕಕ್ಕೆ ಬಂದು ಆ ತುಂಡನ್ನು ಕಿತ್ತು, ವಾರ್ಡಿನದನ್ನು ಬೇರೆಯಾಗಿ ಬರೆದರು. ಡಾಕ್ಟರು ತಿಂಗಳುಗಟ್ಟಲೆ ಪರೀಕ್ಷಿಸಿ ಮಷೀನಿನ ಬಟ್ಟೆ ತೆಗೆಸಿದರು. ಅಂಜಿಕೆ ಹೋಯಿತೇ ಎಂದು ಕೇಳಿದೆ. ‘ಎಲ್ಲಿ ಹೋಗತೈತ್ರಿ? ಒಂದ ಕಡೆ ಸಿಕ್ತು, ಖರೆ. ಇನ್ನೊಂದ ಕಡೆ ನಾ ಹಂಗ ಮಾಡಿದ್ದಿಲ್ಲ ಅಂತ ಯಾರು ಹೇಳಬೇಕು? ಅದು ತಾನಾಗೇ ಒದರಿ ಹೇಳೂದಿಲ್ರಿ.’

ಮಾತು ಇಲ್ಲಿಗೆ ಬರುವಷ್ಟರಲ್ಲಿ ಬಾಗಿಲಲ್ಲಿ ಮಾರುತಿ ವ್ಯಾನು ನಿಲ್ಲುತ್ತದೆ. ಒಳಗೆ ಬಂದ ಸ್ಟ್ರೆಚರ್ ನೋಡಿ ರೂಪಾಲಿ ಎದ್ದು ನಿಲ್ಲುತ್ತಾರೆ. ಅದೇ ಕಾಡವ್ವ. ಎರಡನೆಯ ಹೆರಿಗೆ, ಮತ್ತೆ ರಕ್ತಸ್ರಾವ. ‘ರಕ್ತ ತಯಾರ ಮಾಡ್ರಿ’ ಎನ್ನುತ್ತಾರೆ ಡಾಕ್ಟರ್ ವೃಷಭ.

ರೂಪಾಲಿ ವಾರ್ಡಿನ ಮಷೀನಿನ ಮುಂದೆ ಕೂತು ಹೆಸರು ಬಡಿಯುತ್ತಾರೆ. ಕಾರ್ಡು ಬರುತ್ತದೆ: ಓ ಪಾಸಿಟಿವ್. ಚೀಲ ಬರುತ್ತದೆ. ತಾಯವ್ವ ಟೈಲ್ ಒರೆಸುತ್ತಾರೆ. ಸ್ಟ್ರೆಚರಿನ ಮೇಲಿಂದ ಕಾಡವ್ವ ಕೈ ಚಾಚಿ, ಹತ್ತಿರ ಬಂದು ನಿಂತ ರೂಪಾಲಿಯ ಮುಂಗೈ ಹಿಡಿಯುತ್ತಾಳೆ. ಯಾರೆಂದು ಅವಳಿಗೆ ತಿಳಿದಿಲ್ಲ.

‘ಅಕ್ಕಾರ, ಹ್ವಾದ ಸಲ ನನ್ನ ಕೊಲ್ಲಾಕ ಬಂದಿತ್ತಲ್ರಿ ಆ ಮಷೀನ್, ಇನ್ನೂ ಐತೇನ್ರಿ? ಅದರ ಮಾತ ಕೇಳಬ್ಯಾಡ್ರಿ ನಮ್ಮವ್ವ.’

‘ಐತಿ ತಂಗಿ’ ಎನ್ನುತ್ತಾರೆ ರೂಪಾಲಿ. ‘ಕೈಯಿಂದನೂ ನೋಡಾಕತ್ತಾರ. ನಾ ಇಲ್ಲೇ ನಿಂತೀನಿ.’

ತಾಯವ್ವ ಟೈಲನ್ನು ಬೆಳಕಿಗೆ ಓರೆ ಮಾಡುತ್ತಾರೆ. ನಾನು ಕೂಡ ಬಗ್ಗಿ ನೋಡುತ್ತೇನೆ. ಹನಿ ಗಂಟುಕಟ್ಟದೆ ನುಣ್ಣಗೆ ಹರಿಯುತ್ತದೆ.

‘ಕೂಡತೈತ್ರಿ. ಹಚ್ಚೋಣು.’

ಕಾಡವ್ವನನ್ನು ಒಳಗೆ ಒಯ್ಯುತ್ತಾರೆ. ರೂಪಾಲಿ ಹೊರಗಿನ ಬೆಂಚಿನ ಮೇಲೆ ಕೂರುತ್ತಾರೆ. ಬಿಸಿಲು ಏರಿದ ಮೇಲೆ ಒಳಗಿನಿಂದ ಕೂಸಿನ ಅಳು ಕೇಳುತ್ತದೆ. ತಾಯಿಯೂ ಕ್ಷೇಮ ಎಂದು ತಾಯವ್ವ ಬಂದು ಹೇಳುತ್ತಾರೆ.

ಮಷೀನು ಸರಿ ಮಾಡಿದವರು ನೀವೇ ಎಂದು ಕಾಡವ್ವನಿಗೆ ಹೇಳಲೇ ಎಂದೆ. ಅವರು ಗಾಬರಿಯಿಂದ ನನ್ನ ಪೆನ್ನನ್ನೇ ಹಿಡಿದರು.

‘ಬ್ಯಾಡ್ರಿ, ಕೈ ಮುಗೀತೇನಿ. ಈ ಪ್ರೋಗ್ರಾಂ ಬರದಾಕಿ ಯಾರು ಅಂತ ಮಂದಿ ಕೇಳಿದ ದಿನ, ಯಾರಿಗೋ ಏನೋ ಆಗಬಾರದ್ದು ಆಗಿರತೈತಿ. ಅದಕ್ಕ ಯಾರೂ ಕೇಳಬಾರದ್ರಿ. ನನ್ನ ಆಸೆ ಅಷ್ಟ.’

ಆ ಇನ್ನೊಂದು ಕರಾರು ಇದೇ. ರೂಪಾಲಿ ಎಂಬುದು ಅವರ ಹೆಸರಲ್ಲ. ಈ ಬರಹಕ್ಕೆಂದು ತಮ್ಮ ಅಕ್ಕನ ಮಗಳಿಂದ ಅವರೇ ಎರವಲು ಕೊಡಿಸಿದ ಹೆಸರು. ಇಲ್ಲಿಗೆ ನನ್ನ ಕೆಲಸ ಮುಗಿಯಿತು. ಹೆಸರನ್ನು ಆ ಹುಡುಗಿಗೇ ಮರಳಿಸುತ್ತಿದ್ದೇನೆ.