ಬಲಗಡೆ ಅಂಚಿಗೆ ನಿಲ್ಲಿಸಿದ ಹುಡುಗಿ

ಮಧುಗಿರಿ ಶೈಕ್ಷಣಿಕ ಜಿಲ್ಲೆ ಅಂದರೆ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು. ವರ್ಷಕ್ಕೊಮ್ಮೆ ಹೈಸ್ಕೂಲು ಮಕ್ಕಳ ಕ್ರೀಡಾಕೂಟಕ್ಕೆ ನಾಲ್ಕೂ ಕಡೆಯ ತಂಡಗಳು ಸೇರಿದಾಗ ಪಿ.ಟಿ. ಮೇಷ್ಟ್ರುಗಳ ಸಾಲಿನಲ್ಲಿ ಕೊನೆಯ ಕುರ್ಚಿ ಸಂಜೀವಯ್ಯನವರದು. ಪಾವಗಡ ತಾಲ್ಲೂಕಿನ ಹಳ್ಳಿ ಹೈಸ್ಕೂಲೊಂದರಲ್ಲಿ ಹದಿನೆಂಟು ವರ್ಷ ಪಿ.ಟಿ. ಮಾಡಿಸಿದ್ದರೂ ಜಿಲ್ಲಾ ಮಟ್ಟದಲ್ಲಿ ಒಂದು ಸಲವೂ ಗೆದ್ದು ಬಂದವರಲ್ಲ. "ಪಾವಗಡದೋರು ಊಟದ ಹೊತ್ತಿಗೆ ಸರಿಯಾಗಿ ಸೋತಿರ್ತಾರೆ" ಎಂದು ಒಮ್ಮೆ ಯಾರೋ ಅಂದಾಗ ಎಲ್ಲರ ಜೊತೆ ತಾವೂ ನಕ್ಕಿದ್ದರು. ಬಸ್ಸು ಊರು ಮುಟ್ಟುವತನಕ ಆ ಮಾತನ್ನೇ ಮೆಲುಕು ಹಾಕಿದ್ದರು.

ಅಂಥವರ ಕೈಗೆ 2014ರಲ್ಲಿ ಸ್ನೇಹಲತಾ ಸಿಕ್ಕಳು. ಕುರಿ ಕಾಯುವ ಕ್ಯಾತಪ್ಪನ ಮಗಳು, ಒಂಬತ್ತನೇ ಕ್ಲಾಸು. ಬಡಕಲು ಹುಡುಗಿ, ಮಾತು ಕಡಿಮೆ. ಹುಡುಗಿಯರಿಗೂ ಫುಟ್‌ಬಾಲ್ ತಂಡ ಕಟ್ಟಬೇಕೆಂದು ಇಲಾಖೆಯಿಂದ ಸುತ್ತೋಲೆ ಬಂದಿತ್ತು. ಸಂಜೀವಯ್ಯ ಹನ್ನೆರಡು ಜನರನ್ನು ಒಟ್ಟು ಮಾಡಿ ಬಿಟ್ಟು ನೋಡಿದರು. ಮೊದಲನೇ ವಾರದಲ್ಲೇ ಅವರಿಗೆ ಒಂದು ಸಂಗತಿ ಹೊಳೆಯಿತು: ಉಳಿದವರು ಚೆಂಡು ಇರುವ ಕಡೆ ಓಡುತ್ತಾರೆ, ಇವಳು ಚೆಂಡು ಬರುವ ಕಡೆ ಹೋಗಿ ನಿಂತಿರುತ್ತಾಳೆ. ಗೋಲಿನ ಮುಂದೆ ಅವಳಿಗೆ ಗಾಬರಿಯೇ ಇಲ್ಲ. ಯಾರೂ ಕಲಿಸಿದ್ದಲ್ಲ. ತಾಲ್ಲೂಕು ಫೈನಲ್ಲಿನಲ್ಲಿ ನಾಲ್ಕು ಗೋಲು ಹೊಡೆದು, ಏನೂ ಆಗದವಳ ಹಾಗೆ ಬಂದು ನೀರು ಕುಡಿದಳು.

"ಕ್ರೀಡಾ ಹಾಸ್ಟೆಲ್ ಅಂತ ಇರುತ್ತೆ ಕಣಮ್ಮ. ಊಟ, ಓದು, ಆಟ ಎಲ್ಲಾ ಅಲ್ಲೇ. ನೀನು ಇಂಗೇ ಹೊಡೀತಿದ್ರೆ ಅಲ್ಲಿಗೆ ಆರಿಸ್ಕೊತಾರೆ" ಎಂದು ಅವಳ ತಲೆಗೆ ಹಾಕಿದವರು ಸಂಜೀವಯ್ಯನವರೇ. ಮನೆಗೆ ಹೋಗಿ ಕ್ಯಾತಪ್ಪನಿಗೂ ಹೇಳಿದ್ದರು.

ಮಧುಗಿರಿಯಲ್ಲಿ ಸೆಮಿಫೈನಲ್ ಕೊರಟಗೆರೆಯ ಮೇಲೆ. ಮೂರು ಒಂದರಲ್ಲಿ ಗೆದ್ದರು, ಮೂರೂ ಸ್ನೇಹಲತಾಳವೇ. ಆದರೆ ಆಟ ಮುಗಿಯುವ ಹೊತ್ತಿಗೆ ಬಲಗಡೆ ಬ್ಯಾಕ್ ಆಡುತ್ತಿದ್ದ ವೇದಾವತಿಯ ಕಾಲು ಹೊರಳಿ ಕುಂಬಳಕಾಯಿಯ ಹಾಗೆ ಊದಿಕೊಂಡಿತು. ಉಳಿದಿದ್ದವಳು ಹನ್ನೆರಡನೆಯವಳು, ಪಟಾಲಮ್ಮ ಎಂಬ ಎಂಟನೇ ಕ್ಲಾಸಿನ ಪುಟ್ಟ ಹುಡುಗಿ. ಫೈನಲ್ಲಿಗೆ ಎದುರಾಗಿದ್ದ ಸಿರಾ ತಂಡದಲ್ಲಿ ಎಡಗಡೆಯಿಂದ ನುಗ್ಗುವ ಹನ್ನೊಂದನೇ ನಂಬರಿನ ಹುಡುಗಿಯೊಬ್ಬಳಿದ್ದಳು. ಇನ್ನೊಂದು ಸೆಮಿಫೈನಲ್ಲಿನಲ್ಲಿ ಅವಳು ಮಧುಗಿರಿ ತಂಡದ ಬಲಗಡೆಯನ್ನು ಸೀಳಿ ಹಾಕಿದ್ದನ್ನು ಸಂಜೀವಯ್ಯ ಕಣ್ಣಾರೆ ನೋಡಿದ್ದರು. ಪಟಾಲಮ್ಮನನ್ನು ಅವಳ ಎದುರಿಗೆ ಒಬ್ಬಳೇ ಬಿಟ್ಟರೆ ಮುಗಿಯಿತು.

ಮಾರನೇ ದಿನ ಬೆಳಿಗ್ಗೆ ಉಪ್ಪಿಟ್ಟು ತಿನ್ನುವಾಗ ಮೇಷ್ಟ್ರುಗಳಲ್ಲೊಬ್ಬರು ಪಿಸುಗುಟ್ಟಿದರು, "ಹಾಸ್ಟೆಲಿಗೆ ಆರಿಸೋರು ಬಂದವ್ರೆ. ಶಾಮಿಯಾನದಡಿ ನೀಲಿ ಟೋಪಿ ಹಾಕ್ಕೊಂಡು ಕೂತವ್ರಲ್ಲ, ಅವರೇ."

ಸಂಜೀವಯ್ಯ ನೀಲಿ ಟೋಪಿಯವರನ್ನು ನೋಡಿದರು. ಕಾಲು ಚಾಚಿ ಕೂತಿದ್ದ ವೇದಾವತಿಯನ್ನು ನೋಡಿದರು. ಆಮೇಲೆ ಗೆದ್ದವರಿಗೆ ಕೊಡಲೆಂದು ಮೇಜಿನ ಮೇಲಿಟ್ಟಿದ್ದ ಕಪ್ಪನ್ನು ನೋಡಿದರು.

ಆಟಕ್ಕೆ ಮುಂಚೆ ಹುಡುಗಿಯರನ್ನು ಸುತ್ತ ಕೂರಿಸಿಕೊಂಡು, "ಸ್ನೇಹಾ, ನೀನು ಇವತ್ತು ಬಲಗಡೆ ಅಂಚಲ್ಲಿ, ಮಿಡ್‌ಫೀಲ್ಡ್. ಆ ಹನ್ನೊಂದನೇ ನಂಬರನ್ನ ಬಿಡಬೇಡ. ಅವಳು ಹೋದ ಕಡೆ ಹೋಗು, ಚೆಂಡು ಸಿಕ್ರೆ ಸಹನಾಗೆ ಹಾಕು" ಎಂದರು.

"ನಾನು ಮುಂದೆ ಆಡಲ್ವ ಸಾ?"

"ಇವತ್ತು ಬೇಡ."

ಅವಳು ಬೂಟಿನ ದಾರ ಬಿಗಿಯುತ್ತಾ ಮೆಲ್ಲಗೆ ಕೇಳಿದಳು, "ಹಾಸ್ಟೆಲ್‌ನೋರು ಬತ್ತಾರೆ ಅಂದಿದ್ರಲ್ಲ ಸಾ, ಬಂದವ್ರಾ?"

"ಇಲ್ಲ ಕಣಮ್ಮ, ಬಂದಿಲ್ಲ."

ಅಷ್ಟು ಸಲೀಸಾಗಿ ತಮ್ಮ ಬಾಯಿಂದ ಸುಳ್ಳು ಬರುತ್ತದೆಂದು ಸಂಜೀವಯ್ಯನವರಿಗೇ ಗೊತ್ತಿರಲಿಲ್ಲ.

ಆಟದ ಮಟ್ಟಿಗೆ ಅವರ ಲೆಕ್ಕಾಚಾರ ತಪ್ಪಲಿಲ್ಲ. ಸ್ನೇಹಲತಾ ಆ ಬಿಸಿಲಲ್ಲಿ ಅಂಚಿನ ಉದ್ದಕ್ಕೂ ಮೇಲಕ್ಕೂ ಕೆಳಕ್ಕೂ ಓಡಿದಳು. ಹನ್ನೊಂದನೇ ನಂಬರು ಎತ್ತ ತಿರುಗಿದರೂ ಎದುರಿಗೆ ಇವಳು. ಪಟಾಲಮ್ಮ ತಪ್ಪಿದ ಕಡೆಯೆಲ್ಲ ಇವಳೇ ಹಿಂದಕ್ಕೆ ಬಂದು ಚೆಂಡು ಕಸಿದುಕೊಂಡಳು. ಮೊದಲರ್ಧ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಅನ್ನುವಾಗ ಅಂಚಿನಿಂದ ಒಂದು ಚೆಂಡನ್ನು ಎಂಥಾ ಅಳತೆಯಲ್ಲಿ ಒಳಕ್ಕೆ ಕಳಿಸಿದಳೆಂದರೆ, ಸಹನಾ ಕಾಲು ಮುಂದಿಟ್ಟಿದ್ದಷ್ಟೇ, ಗೋಲಾಯಿತು. ಒಂದು ಸೊನ್ನೆ.

ವಿರಾಮದಲ್ಲಿ, ಹುಡುಗಿಯರ ಜೊತೆಗೆ ಬಂದಿದ್ದ ಕನ್ನಡ ಟೀಚರ್ ಲಕ್ಷ್ಮೀದೇವಿ ಹತ್ತಿರ ಬಂದರು. "ಸರ್, ಈಗ್ಲಾದ್ರೂ ಅವಳನ್ನ ಮುಂದಕ್ಕೆ ಬಿಡಿ. ಆರಿಸೋರು ನೋಡ್ತಾ ಇದಾರಂತೆ. ಹತ್ತು ನಿಮಿಷ ಸಾಕು."

"ಒಂದು ಗೋಲು ಬಿಟ್ಟುಕೊಟ್ರೆ ಎಲ್ಲಾ ಹೋಯ್ತು ಮೇಡಂ."

ಸ್ನೇಹಲತಾಳನ್ನು ಅಂಚಿನಲ್ಲೇ ಬಿಟ್ಟರು. ಆಟ ಒಂದು ಸೊನ್ನೆಯಲ್ಲೇ ಮುಗಿಯಿತು. ಪಾವಗಡ ಗೆದ್ದಿತು.

ಆಮೇಲೆ ನಡೆದದ್ದೇ ಸಂಜೀವಯ್ಯನವರನ್ನು ಹನ್ನೊಂದು ವರ್ಷ ಹಿಂಡಿದ್ದು. ಇಲಾಖೆಯ ಸಾಹೇಬರು ಅವರಿಗೆ ಶಾಲು ಹೊದಿಸಿದರು. ಫೋಟೋಕ್ಕೆ ನಿಲ್ಲಲು ಕರೆಯುತ್ತಿದ್ದಾಗ ನೀಲಿ ಟೋಪಿಯವರು ಪಕ್ಕಕ್ಕೆ ಬಂದು ಕೈ ಕುಲುಕಿದರು. "ನಿಮ್ಮ ಗೋಲು ಹೊಡೆದ ಹುಡುಗಿ ಹೆಸರು ಬರ್ಕೊಂಡಿದೀನಿ ಮೇಷ್ಟ್ರೆ. ಆ ಬಲಗಡೆಯವಳೂ ಚೆನ್ನಾಗಿ ಓಡ್ತಾಳೆ. ಆದ್ರೆ ನಮಗೆ ಈ ಸಲ ಬೇಕಾಗಿರೋದು ಫಾರ್ವರ್ಡ್."

ಫಾರ್ವರ್ಡ್ ಅವಳೇ ಸ್ವಾಮಿ, ನಿನ್ನೆ ಮೂರು ಹೊಡೆದವಳು ಅವಳೇ, ಇವತ್ತು ನಾನು ಅವಳನ್ನು ಅಲ್ಲಿ ನಿಲ್ಲಿಸಿದೆ. ಇಷ್ಟೇ ಹೇಳಬೇಕಾಗಿದ್ದದ್ದು. ಹೇಳಿದರೆ 'ಮತ್ತೆ ಯಾಕೆ ನಿಲ್ಲಿಸಿದಿರಿ' ಎಂದು ಕೇಳುತ್ತಾರೆ. ಅಷ್ಟರಲ್ಲಿ ಫೋಟೋದವನು, "ಸರ್, ಈ ಕಡೆ ನೋಡಿ" ಅಂದ. ಸಂಜೀವಯ್ಯ ಆ ಕಡೆ ನೋಡಿದರು.

ಸಹನಾ ಹಾಸ್ಟೆಲಿಗೆ ಹೋದಳು. ಮುಂದೆ ಕ್ರೀಡಾ ಕೋಟಾದಲ್ಲಿ ಪೊಲೀಸ್ ಕೆಲಸವೂ ಆಯಿತು. ಅದರಲ್ಲಿ ಅವಳ ತಪ್ಪೇನಿಲ್ಲ. ಸಂಜೀವಯ್ಯನವರಿಗೆ ಉತ್ತಮ ಶಿಕ್ಷಕ ಅಂತ ಶಿಕ್ಷಕರ ದಿನಾಚರಣೆಯಲ್ಲಿ ಹಾರ ಬಿತ್ತು. ಕಪ್ ಗೆದ್ದು ಬಂದ ವಾರದಲ್ಲೇ ಕ್ಯಾತಪ್ಪ ಒಂದು ಹೊಸ ಕಂಬಳಿ ಹೊತ್ತು ಅವರ ಮನೆಗೆ ಬಂದಿದ್ದ. "ನನ್ ಮಗೀನ್ನ ಮಧುಗಿರಿ ಗಂಟ ಕರ್ಕಂಡೋಗಿ ಕಪ್ ತಂದ್ರಿ ಸ್ವಾಮಿ. ಆರ್ಸಿಲ್ಲಂದ್ರೆ ಅದರ ಹಣೆಬರ" ಅಂದ. ಕಂಬಳಿಯನ್ನು ಬೇಡ ಅನ್ನಲು ಕಾರಣ ಹೇಳಬೇಕಾಗುತ್ತಿತ್ತು. ತೆಗೆದುಕೊಂಡರು. ಸ್ನೇಹಲತಾ ಹತ್ತನೇ ಕ್ಲಾಸಿಗೆ ಬಂದಮೇಲೆ ಆಟಕ್ಕೆ ಬರುವುದನ್ನು ಬಿಟ್ಟಳು. ಯಾಕೆಂದು ಅವರು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಈಚೆಗೆ ದಸರಾ ರಜೆಯಲ್ಲಿ ಮೇಷ್ಟ್ರುಗಳನ್ನೆಲ್ಲ ಮನೆಮನೆ ಸಮೀಕ್ಷೆಗೆ ಹಾಕಿದರು. ನಿವೃತ್ತಿಗೆ ಎರಡು ವರ್ಷ ಇದ್ದ ಸಂಜೀವಯ್ಯನವರಿಗೆ ಸೋಲಾರ್ ಪಾರ್ಕಿನ ಪಕ್ಕದ ಹಳ್ಳಿ ಕ್ಯಾತಗಾನಚೆರ್ಲು ಬಂತು. ಮೂರನೇ ದಿನ ಒಂದು ಮನೆಯ ಮುಂದೆ ನಿಂತು ಕೂಗಿದಾಗ ಜಗಲಿಯ ಮೇಲಿದ್ದ ಮುದುಕಿ ಒಳಕ್ಕೆ ತಿರುಗಿ, "ಎವರೋ ವಚ್ಚಿನಾರು ಚೂಡಮ್ಮಾ" ಎಂದಳು, ಯಾರೋ ಬಂದಿದ್ದಾರೆ ನೋಡು ಅಂತ ತೆಲುಗಿನಲ್ಲಿ. ಕೈ ಒರೆಸಿಕೊಂಡು ಹೊರಗೆ ಬಂದ ಆ ಮನೆಯ ಸೊಸೆ ಸ್ನೇಹಲತಾ.

"ಬನ್ನಿ ಸಾ, ಕುಂತ್ಕಳಿ" ಎಂದು ಚಾಪೆ ಹಾಕಿದಳು.

ಅವರು ಮೊಬೈಲ್ ತೆಗೆದು ಪ್ರಶ್ನೆ ಕೇಳತೊಡಗಿದರು. ಹೆಸರು, ವಯಸ್ಸು. ಓದು? ಪಿಯುಸಿ. ಕೆಲಸ? "ಸೋಲಾರ್‌ನಾಗೆ ಪ್ಯಾನೆಲ್ ಪ್ಲೇಟ್ ತೊಳಿಯೋ ಕೆಲಸ ಸಾ." ಅವರ ಬೆರಳು ಮುಂದೆ ಹೋಗಲಿಲ್ಲ. ಮೊಬೈಲನ್ನು ಚಾಪೆಯ ಮೇಲಿಟ್ಟರು.

"ಸ್ನೇಹಾ, ಆವತ್ತು ಮಧುಗಿರಿಯಲ್ಲಿ ನಾನು ನಿನಗೆ ಸುಳ್ಳು ಹೇಳಿದೆ. ಆರಿಸೋರು ಬಂದಿದ್ರು."

"ಗೊತ್ತಿತ್ತು ಸಾ. ನೀಲಿ ಟೋಪಿ."

"ಗೊತ್ತಿತ್ತಾ?"

"ಉಪ್ಪಿಟ್ಟು ತಿನ್ನೋವಾಗ ಎಲ್ರೂ ಮಾತಾಡ್ತಿದ್ರು. ನೀವು ಏನಂತೀರ ನೋಡಾನ ಅಂತ ಕೇಳ್ದೆ."

"ಮತ್ತೆ ಅಷ್ಟೊಂದು ಯಾಕಮ್ಮಾ ಓಡಿದೆ? ನನ್ನ ಮಾತು ಮೀರಿ ಮುಂದಕ್ಕೆ ಹೋಗಬಹುದಿತ್ತಲ್ಲ."

"ಪಟಾಲಮ್ಮ ಪುಟ್ಟುದು ಸಾ. ಅವಳನ್ನ ಬುಟ್ಟು ಹೆಂಗೆ ಹೋಗ್ಲಿ?"

ಸಂಜೀವಯ್ಯ ಕೈ ಜೋಡಿಸಲು ಹೋದರು, ಅವಳು ತಡೆದಳು. "ಬೇಡ ಸಾ. ನಂಗೆ ಸಿಟ್ಟು ಹೋಗಿಲ್ಲ. ಹೋಗೈತೆ ಅಂತ ಸುಳ್ಳು ಯಾಕೆ ಹೇಳ್ಲಿ? ಒಂದು ಕೆಲಸ ಮಾಡಿ. ನಮ್ಮಪ್ಪ ಇವತ್ತಿಗೂ ಅಂತಾನೆ, ಆವತ್ತು ನೀನು ಒಂದೇ ಒಂದು ಗೋಲು ಹೊಡ್ದಿದ್ರೆ ಇಂಗೆ ಪ್ಲೇಟ್ ತೊಳಿಯೋದು ತಪ್ತಿತ್ತು ಅಂತ. ಹಬ್ಬಕ್ಕೆ ಹೋದ್ರೂ ಅದೇ ಮಾತು. ನಿಂತಿದ್ದ ಜಾಗನೇ ಬೇರೆ ಅಂತ ನಾನು ಹೇಳಿದ್ರೆ ನೆಪ ಅಂತಾನೆ. ನೀವು ಹೇಳಿ."

ಕ್ಯಾತಪ್ಪ ಸಿಕ್ಕಿದ್ದು ಅವನ ಊರಿಗೂ ಮಗಳ ಊರಿಗೂ ನಡುವೆ, ಸೋಲಾರ್ ಬೇಲಿಯ ಹೊರಗಿನ ಬೀಳಿನಲ್ಲಿ. ಕುರಿಗಳು ಮೇಯುತ್ತಿದ್ದವು. "ಏನ್ ಸ್ವಾಮಿ, ಈ ಕಡೆ?" ಎಂದು ಎದ್ದು ನಿಂತ. ಸಂಜೀವಯ್ಯ ನಿಂತೇ ಎಲ್ಲವನ್ನೂ ಹೇಳಿದರು. ಯಾವ ಜಾಗದಲ್ಲಿ ಆಡಿಸಿದೆ, ಯಾಕೆ ಆಡಿಸಿದೆ, ಏನು ಸುಳ್ಳು ಹೇಳಿದೆ, ಆರಿಸುವವರ ಮುಂದೆ ಬಾಯಿ ಮುಚ್ಚಿಕೊಂಡದ್ದು, ಒಂದನ್ನೂ ಬಿಡಲಿಲ್ಲ. ಕ್ಯಾತಪ್ಪನಿಗೆ ಆಟ ಅರ್ಥವಾಗುತ್ತಿರಲಿಲ್ಲ. ಎರಡು ಸಲ ಕೇಳಿದ: "ಅಂದ್ರೆ ಅದು ನಿಂತಿದ್ದ ಜಾಗದಾಗೆ ಗೋಲು ಹೊಡಿಯಾಕೆ ಆಗ್ತಿರ್ಲಿಲ್ವ?"

"ಅದು ಅವಳ ಕೆಲಸ ಆಗಿರಲಿಲ್ಲ ಕ್ಯಾತಪ್ಪ. ನಾನು ಕೊಟ್ಟ ಕೆಲಸವನ್ನ ಅವಳು ಪೂರ್ತಿ ಮಾಡಿದ್ಲು. ಕಪ್ಪು ಬಂದದ್ದೇ ಅವಳಿಂದ."

ಅವನು ಬೈಯುತ್ತಾನೆಂದು ಸಂಜೀವಯ್ಯ ಕಾದರು. ಬೈದಿದ್ದರೆ ಹಗುರವಾಗುತ್ತಿತ್ತು. ಕ್ಯಾತಪ್ಪ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ. "ಹನ್ನೊಂದು ವರ್ಸ ಆಡ್ದೆ ಮೇಷ್ಟ್ರೆ ಆ ಮಾತ್ನ. ಅಳಿಯನ ಮುಂದೂ ಆಡ್ದೆ. ನನ್ ಬಾಯಾಗೆ ಆಡ್ಸ್‌ಬುಟ್ರಲ್ಲ." ಕೋಲನ್ನು ಅವರ ಕೈಗೆ ಕೊಟ್ಟ. "ಕುರಿ ನೋಡ್ಕಳಿ. ಮಗಳ ಮನೆಗೆ ಹೋಗ್ ಬತ್ತೀನಿ."

ನಡುಮಧ್ಯಾಹ್ನದಲ್ಲಿ ಸಂಜೀವಯ್ಯ ಅರವತ್ತು ಕುರಿಗಳ ನಡುವೆ ನಿಂತರು. ಸಮೀಕ್ಷೆಯ ಮೇಲಧಿಕಾರಿಯ ಫೋನು ಎರಡು ಸಲ ಬಂತು, ಎತ್ತಲಿಲ್ಲ. ಕುರಿಗಳು ಪಕ್ಕದ ಶೇಂಗಾ ಹೊಲದ ಕಡೆ ಸರಿದಾಗಲೆಲ್ಲ ಏದುಸಿರು ಬಿಡುತ್ತಾ ಓಡಿ ಅಡ್ಡ ಹಾಕಿದರು. ಕ್ಯಾತಪ್ಪ ಬಂದದ್ದು ಹೊತ್ತು ವಾಲಿದ ಮೇಲೆ.

"ಏನಂದ್ಲು?" ಎಂದು ಕೇಳಿದರು.

"ಏನೂ ಅನ್ನಿಲ್ಲ. ಮುದ್ದೆ ಇಕ್ಕಿದ್ಲು, ಉಂಡೆ. ಅವಳೂ ನನ್ ಜೊತೆಗೆ ಉಂಡ್ಲು." ಕೋಲು ಇಸಿದುಕೊಂಡು ಕುರಿಗಳನ್ನು ಎಣಿಸಿದ. ಎಲ್ಲವೂ ಇದ್ದವು. "ಬಸ್ಸು ಹೋಗ್‌ಬುಡ್ತದೆ, ನೀವು ಹೊರಡಿ" ಅಂದ. ಎಂದಿನ ಹಾಗೆ ಸ್ವಾಮಿ ಅನ್ನಲಿಲ್ಲ.

ಸಂಜೀವಯ್ಯ ರಸ್ತೆಯ ಕಡೆ ನಡೆದರು. ಸ್ನೇಹಲತಾಳ ಮನೆಯ ಸಮೀಕ್ಷೆ ಅರ್ಧಕ್ಕೇ ನಿಂತಿತ್ತು. ನಾಳೆ ಮತ್ತೆ ಹೋಗಬೇಕಿತ್ತು.