ತಿಜೋರಿ ತೆಗೆದದ್ದು ಯಾರು

ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ಬೀಗ ರಿಪೇರಿ ಮಾಡುತ್ತಾಳೆ. ಊರಿನ ಲೆಕ್ಕದಲ್ಲಿ ಮಾತ್ರ ಆ ಕೆಲಸ ಮಾವನದು. ಇಪ್ಪತ್ತೆರಡು ವರ್ಷ ಇದು ಹೇಗೆ ನಡೆಯಿತು ಅನ್ನುವುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಅಂಗಡಿಯ ನಡುವೆ ಒಂದು ಪರದೆ. ಮುಂದೆ ಮಾವ, ಕೈಯಲ್ಲಿ ಪೇಪರು. ಯಾರಾದರೂ ಬೀಗ ತಂದರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಹೂಂ, ಒಳಗಿನ ಸ್ಪ್ರಿಂಗು" ಅನ್ನುತ್ತಾರೆ. ಯಾವ ಬೀಗ ಬಂದರೂ ಅವರ ಪ್ರಕಾರ ಕೆಟ್ಟಿರುವುದು ಸ್ಪ್ರಿಂಗೇ. ಆಮೇಲೆ ಪರದೆಯ ಸಂದಿಯಿಂದ ಅದನ್ನು ಒಳಗೆ ದಾಟಿಸುತ್ತಾರೆ. ಒಳಗೆ ಸ್ಟೂಲಿನ ಮೇಲೆ ಕುಳಿತ ಅತ್ತೆ ಅದನ್ನು ಬಿಚ್ಚಿ, ಉಜ್ಜಿ, ಸರಿಮಾಡುತ್ತಾಳೆ. ಅವಳ ಬೆರಳಿನ ಗೆರೆಗಳಲ್ಲೆಲ್ಲ ಎಣ್ಣೆಯ ಕಪ್ಪು. ಮಾವನ ಕೈ ಈಗಷ್ಟೇ ತೊಳೆದ ತಟ್ಟೆ. ಗಿರಾಕಿಗಳು ಒಮ್ಮೆ ಆ ಕೈ ನೋಡಿದ್ದರೆ ಸಾಕಿತ್ತು. ನೋಡಿದವರಿಲ್ಲ.

ಮಾವ ಕೆಟ್ಟವರಲ್ಲ. ಒಮ್ಮೆ ಕೂತು ಕೂತು ಸೊಂಟ ಹಿಡಿದುಹೋಗಿ, "ಸಾಕು ಮಾರಾಯ್ತಿ ಈ ನಾಟಕ, ನೀನೇ ಮುಂದೆ ಕೂತ್ಕೋ" ಎಂದು ಒಂದು ವಾರ ಮನೆಯಲ್ಲೇ ಉಳಿದರು. ಆ ವಾರ ಬಂದವರೆಲ್ಲ ಅತ್ತೆಯ ತಲೆಯ ಮೇಲಿಂದ ಒಳಗೆ ಇಣುಕಿದರು.

"ಯಜಮಾನ್ರಿಲ್ವಾ?"

"ನಾನೇ ಮಾಡ್ತೀನಿ, ಕೊಡಿ."

"ಪರವಾಗಿಲ್ಲ, ಅವರು ಬಂದ್ಮೇಲೆ ಬರ್ತೀವಿ."

ಏಳು ದಿನಕ್ಕೆ ಬಂದದ್ದು ಎರಡೇ ಬೀಗ. ಅದರಲ್ಲೊಂದು ನಮ್ಮ ಮನೆಯದು, ನಾನೇ ಬೇಕೆಂದು ಕೆಡಿಸಿದ್ದು. ಎಂಟನೆಯ ದಿನ ಮಾವ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಮತ್ತೆ ಕುರ್ಚಿ ಏರಿದರು. ನನಗೆ ಮೈಯೆಲ್ಲ ಉರಿಯಿತು. ಅತ್ತೆ ಮಾತ್ರ, "ಈ ಗಿರಾಕಿಗಳ ತಲೆಗೆ ಯಾವ ಬೀಗ ಹಾಕಿದ್ದಾರೋ, ಒಮ್ಮೆ ಬಿಚ್ಚಿ ನೋಡಬೇಕು ಕಣೇ" ಅಂದಳು.

ಆಮೇಲೆ ಸರ್ಕಾರಿ ಕಚೇರಿಯೊಂದರಿಂದ ಮಾವನಿಗೆ ಕರೆ ಬಂತು. ತಿಜೋರಿಯ ಬೀಗದ ಕೈ ಕಳೆದುಹೋಗಿತ್ತು. ಮಧ್ಯಾಹ್ನ ಒಂದು ಗಂಟೆಗೆ ಮೇಲಧಿಕಾರಿಗಳು ತಪಾಸಣೆಗೆ ಬರುವವರಿದ್ದರು, ಕಾಗದಪತ್ರವೆಲ್ಲ ಅದರೊಳಗೆ. ತೆಗೆದುಕೊಟ್ಟವರ ಹೆಸರು ಕಚೇರಿಯ ಪಟ್ಟಿಗೆ ಸೇರುತ್ತದೆ. ಆ ಪಟ್ಟಿಯಲ್ಲಿದ್ದವರನ್ನು ಊರಿನ ಎಲ್ಲ ಕಚೇರಿಗಳೂ ಕರೆಯುತ್ತವೆ. ಅತ್ತೆಗೆ ಬೇಕಿದ್ದದ್ದು ಅದು. ಅಲ್ಲಿ ಹೆಸರಿದ್ದರೆ ಪರದೆಯ ಹಂಗಿಲ್ಲ.

ತಿಜೋರಿಯನ್ನು ಪರದೆಯ ಹಿಂದಕ್ಕೆ ದಾಟಿಸಲಾಗುತ್ತದೆಯೇ? ಮೂವರೂ ಹೋದೆವು. ಎಲ್ಲರೆದುರಿಗೆ ಅತ್ತೆ ನೆಲದ ಮೇಲೆ ಕುಳಿತು, ಬಾಗಿಲಿಗೆ ಕಿವಿಯಿಟ್ಟು, ಎರಡು ತಂತಿ ತೂರಿಸಿದಳು. ಮಾವ ಗೋಡೆಗೊರಗಿ ನಿಂತಿದ್ದರು. ನಲವತ್ತು ನಿಮಿಷಕ್ಕೆ ಬಾಗಿಲು ತೆರೆಯಿತು.

ಕಚೇರಿಯ ಅಧಿಕಾರಿ ಓಡಿಬಂದು ಮಾವನ ಕೈ ಹಿಡಿದು ಕುಲುಕಿದರು. "ಭೇಷ್! ಹೆಂಡತಿಗೂ ಎಷ್ಟು ಚೆನ್ನಾಗಿ ಕಲಿಸಿದ್ದೀರಿ!"

"ಅಯ್ಯೋ ಸಾರ್, ನನಗೆ ಬೀಗದ ಗಂಧಗಾಳಿ ಗೊತ್ತಿಲ್ಲ. ಎಲ್ಲ ಅವಳೇ" ಅಂದರು ಮಾವ. ಪಾಪ, ನಿಜವನ್ನೇ ಹೇಳಿದರು.

"ನೋಡ್ರಪ್ಪಾ, ಎಂಥ ವಿನಯ!" ಎಂದು ಅಧಿಕಾರಿ ನಕ್ಕು ಗುಮಾಸ್ತನ ಕಡೆ ತಿರುಗಿದರು. "ಯಜಮಾನ್ರ ಹೆಸರು ಬರ್ಕೊಳ್ರೀ."

ಕಣ್ಣೆದುರೇ ನಡೆದದ್ದು ಕಣ್ಣಿಗೆ ಬೀಳದೆ ಹೋಗುವುದು ಹೇಗೆ? ನಾನು ಅಧಿಕಾರಿಯ ಮುಖವನ್ನೇ ನೋಡುತ್ತಿದ್ದೆ. ಕಪಟವೇನೂ ಇರಲಿಲ್ಲ, ಅದೇ ಭಯವಾಯಿತು.

ಅತ್ತೆ ಸೀರೆ ಕೊಡವಿಕೊಂಡು ಎದ್ದಳು. ಇನ್ನೂ ಯಾರೂ ಒಂದು ಹಾಳೆಯನ್ನೂ ಹೊರಗೆ ತೆಗೆದಿರಲಿಲ್ಲ. ಅದು ದೂಡಿದರೆ ತಾನಾಗಿಯೇ ಬೀಗ ಬೀಳುವ ಬಾಗಿಲು. ಅತ್ತೆ ಅಂಗೈಯಿಂದ ಅದನ್ನು ಮೆಲ್ಲಗೆ ದೂಡಿದಳು. ಕಟಕ್ ಅಂತು.

"ಏನಮ್ಮಾ ಇದು!" ಅಧಿಕಾರಿ ಕಿರುಚಿದರು.

ಅತ್ತೆ ತಂತಿಗಳನ್ನು ಮಾವನ ಕೈಗಿಟ್ಟಳು. "ಕಲಿಸಿದವರೇ ತೆಗೀಲಿ."

ಮಾವ ತಂತಿಗಳನ್ನು ತಿರುಗಿಸಿ ನೋಡಿದರು. ಆಮೇಲೆ ಅವನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಕುಳಿತರು. ಗಡಿಯಾರದಲ್ಲಿ ಹನ್ನೆರಡು ಇಪ್ಪತ್ತು. ಕೋಣೆಯಲ್ಲಿದ್ದವರೆಲ್ಲ ಮೊದಲ ಸಲ ಅತ್ತೆಯ ಕೈ ನೋಡಿದರು.