ಸೆರಗು ಸೇರಿಸಿ ಹೊಲಿದ ಕೌದಿ

ಇವತ್ತು ಬೆಳಿಗ್ಗೆ ಅತ್ತೆಯ ಸೀರೆ ತೆಗೆಯೋಣವೆಂದು ಬೀರುವಿನ ಕೆಳಗಿನ ಖಾನೆ ಎಳೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು ನೋಡಿ, ಅಲ್ಲೇ ನೆಲದ ಮೇಲೆ ಕೂತು ನಗಲು ಶುರುಮಾಡಿದೆ. ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿದ್ದ ಯಜಮಾನರು ತಲೆ ಎತ್ತದೆಯೇ "ಸುರುವಾಯ್ತಾ" ಎಂದು ಹಾಳೆ ಮಗುಚಿದರು.

ನಗುವಿನ ವಿಷಯದಲ್ಲಿ ನನ್ನನ್ನು ಯಾರೂ ನಂಬುವುದಿಲ್ಲ. ನನ್ನ ಮದುವೆಯ ದಿನ ಧಾರೆಯ ಹೊತ್ತಿಗೆ ಸರಿಯಾಗಿ ಪುರೋಹಿತರಿಗೆ ಸೀನು ಬಂದು, ಬಂದದ್ದು ಹೊರಗೆ ಬಾರದೆ, ಅವರು ಬಾಯಿ ತೆರೆದು ಮಾಡು ನೋಡುತ್ತ ನಿಂತರು. ಎಲ್ಲರೂ ಗಂಭೀರವಾಗಿ ಕಾದರು. ನಾನೊಬ್ಬಳು ನಕ್ಕೆ. ಬಂದ ಸೊಸೆಗೆ ಏನೋ ತೊಂದರೆ ಇದೆ ಎಂದು ಅತ್ತೆಯವರ ತವರಿನಲ್ಲಿ, ಅಂದರೆ ಶೃಂಗೇರಿ ಹತ್ತಿರದ ಮೆಣಸೆಯಲ್ಲಿ, ಬಹಳ ಕಾಲ ಮಾತಾಡಿಕೊಂಡರಂತೆ. ಸಾವಿನ ಮನೆಗೆ ಹೋಗುವಾಗ ಇವರು ಈಗಲೂ ನನ್ನನ್ನು ಹಿಂದಿನ ಸಾಲಿನಲ್ಲೇ ಕೂರಿಸುತ್ತಾರೆ.

ಆದರೆ ನುಸಿಗುಳಿಗೆಗೆ ನಕ್ಕದ್ದಕ್ಕೆ ಕಾರಣವಿದೆ. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಜುಬೇದಳ ಟೈಲರಿಂಗ್ ಅಂಗಡಿ ಇದೆ. ಮುಂದೆ ಅಂಗಡಿ, ಹಿಂದೆ ಮನೆ. ಗೃಹಪ್ರವೇಶದ ರವಿಕೆ, ಚರ್ಚಿನ ಮದುವೆಯ ಬಿಳಿ ಗೌನು, ಹಬ್ಬದ ಚೂಡಿದಾರ, ಎಲ್ಲವೂ ಅವಳ ಒಂದೇ ಮಿಷನ್ನಿನ ಕೆಳಗೆ ಹಾದು ಬರುತ್ತವೆ. ಯಾರು ದಪ್ಪಗಾದರು, ಯಾರು ಬಸುರಿ ಎಂಬುದು ಗಂಡಂದಿರಿಗಿಂತ ಮೊದಲು ಅವಳ ಟೇಪಿಗೆ ತಿಳಿಯುತ್ತದೆ. ಮಧ್ಯಾಹ್ನ ಅವಳು ಹೊಲಿಗೆ ಕ್ಲಾಸು ನಡೆಸುತ್ತಾಳೆ. ನಾನೂ ಸೇರಿದೆ. ನಾನು ಹೊಲಿದ ಮೊದಲ ಲಂಗವನ್ನು ಎತ್ತಿ ಹಿಡಿದು, ಹಿಂದೆ ಮುಂದೆ ತಿರುಗಿಸಿ, "ಅಕ್ಕಾ, ಇದನ್ನ ದಿಂಬಿಗೆ ಹಾಕುವಾ" ಅಂದಳು. ಆ ದಿಂಬು ಇವತ್ತಿಗೂ ನಮ್ಮ ಮನೆಯಲ್ಲಿದೆ. ಬಹಳ ಸುಖವಾಗಿದೆ.

ಕೆಲವು ವರ್ಷಗಳ ಹಿಂದೆ ಒಮ್ಮೆ ಎಲ್ಲರ ಫೋನಿಗೂ ಒಂದು ವಿಡಿಯೋ ಬಂತು. ಎಲ್ಲಿಯದೋ ಜಗಳ, ಯಾರೋ ಯಾರಿಗೋ ಹೊಡೆದದ್ದು, ಅದರ ಕೆಳಗೆ ಬೆಂಕಿಯಂಥ ಮಾತು. ನಮ್ಮ ಕೊಪ್ಪದಲ್ಲಿ ಯಾರೂ ಯಾರಿಗೂ ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಕಷ್ಟವಾಯಿತು. ಹೊಲಿಗೆ ಕ್ಲಾಸಿನಲ್ಲಿ ಒಬ್ಬಳಿಗೆ ಮಂಡಿನೋವು ಬಂತು, ಇನ್ನೊಬ್ಬಳ ಮನೆಗೆ ನೆಂಟರು ಬಂದರು, ಬಂದ ನೆಂಟರು ಹೋಗಲೇ ಇಲ್ಲ. ಹೊಲಿಯಲು ಕೊಟ್ಟ ಬಟ್ಟೆಗಳನ್ನು ಕೆಲವರು ಹಾಗೆಯೇ ವಾಪಸು ಒಯ್ದರು. ಕಡೆಗೆ ಕ್ಲಾಸಿನಲ್ಲಿ ಉಳಿದವರು ಇಬ್ಬರೇ. ದಿಂಬಿನ ಖ್ಯಾತಿಯ ನಾನು, ಮತ್ತು ಏಲಿಯಮ್ಮ ಟೀಚರ್.

ಏಲಿಯಮ್ಮ ಟೀಚರ್ ನರಸಿಂಹರಾಜಪುರದ ಕಡೆಯ ಕಡಹಿನಬೈಲಿನವರು. ಅವರ ಅಜ್ಜನ ಕಾಲದಲ್ಲಿ ಕೇರಳದಿಂದ ಬಂದು ನೆಲೆಸಿದ ಕ್ರಿಶ್ಚಿಯನ್ ಮನೆತನ. ಕೆಲಸದಿಂದ ನಿವೃತ್ತರಾದರೂ ದನಿ ನಿವೃತ್ತವಾಗಿರಲಿಲ್ಲ. ಅವರು ಬಸ್ಸಿನಲ್ಲಿ "ಮುಂದೆ ಹೋಗಿ" ಅಂದರೆ ಡ್ರೈವರನೂ ಸ್ವಲ್ಪ ಮುಂದೆ ಸರಿಯುತ್ತಿದ್ದ.

ಒಂದು ದಿನ ಜುಬೇದ ಮಿಷನ್ನಿಗೆ ಎಣ್ಣೆ ಬಿಡುತ್ತ ಮೆಲ್ಲಗೆ, "ಇದನ್ನ ಮಾರಿ ಚಿಕ್ಕಮಗಳೂರಿಗೆ ತಮ್ಮನ ಮನೆಗೆ ಹೋಗುವಾ ಅಂತ ಇದ್ದೇನೆ ಅಕ್ಕ. ಉಮ್ಮನನ್ನೂ ಕರ್ಕೊಂಡು" ಅಂದಳು. ಉಮ್ಮ ಅಂದರೆ ಅವಳ ತಾಯಿ ಖತೀಜಮ್ಮ.

ನಾನು ಟೀಚರ ಮುಖ ನೋಡಿದೆ. ಟೀಚರ್ ಸೂಜಿ ಕೆಳಗಿಟ್ಟರು. "ಎಲ್ಲಿಗೂ ಹೋಗೋದು ಬೇಡ. ಅಂಗನವಾಡಿ ಮಕ್ಕಳು ಮಧ್ಯಾಹ್ನ ಬರೀ ಚಾಪೆ ಮೇಲೆ ಮಲಗ್ತಾವೆ. ನಾವೊಂದು ದೊಡ್ಡ ಕೌದಿ ಹೊಲಿಯುವ. ಮನೆಗೊಂದು ಹಳೇ ಬಟ್ಟೆ. ಕೊಟ್ಟವರೇ ಬಂದು ಹೊಲೀಬೇಕು, ಇಲ್ಲೇ, ಜುಬೇದನ ಮನೆ ಹಾಲಿನಲ್ಲಿ ಕೂತು. ಮಕ್ಕಳಿಗೆ ಅಂದ್ರೆ ಯಾರು ಇಲ್ಲ ಅಂತಾರೆ ನೋಡುವ."

ಇಲ್ಲ ಅನ್ನಲಿಲ್ಲ. ಬಟ್ಟೆ ಧಾರಾಳವಾಗಿ ಬಂತು, ಜನ ಬರಲಿಲ್ಲ. ಮನೆಮನೆಗೆ ಹೋಗಿ ಗಂಟು ಹೊತ್ತು ತಂದವಳು ನಾನು. ಹಾಲಿನಲ್ಲಿ ಗಂಟು ಬಿಚ್ಚಿದಾಗ ಗಮ್ಮೆಂದು ಎದ್ದ ವಾಸನೆ ಒಂದೇ, ನುಸಿಗುಳಿಗೆ. ಟೀಚರ ಅಜ್ಜಿ ಹಿಂದುಗಡೆ ಬೀಸಣಿಗೆಯ ಹಾಗೆ ನೆರಿಗೆ ಬಿಟ್ಟು ಉಡುತ್ತಿದ್ದ ಬಿಳಿ ಮುಂಡಿಗೂ ಅದೇ ವಾಸನೆ, ಖತೀಜಮ್ಮನ ನಿಖಾದ ಹಸಿರು ರೇಷ್ಮೆಗೂ ಅದೇ, ಯಾರದೋ ಮಾವ ಉಟ್ಟು ಪೂಜೆ ಮಾಡುತ್ತಿದ್ದ ಪಟ್ಟೆಮಡಿಗೂ ಅದೇ. ಎಲ್ಲ ಜಾತಿಯ ಟ್ರಂಕಿನ ತಳದಲ್ಲೂ ಒಂದೇ ಗುಳಿಗೆ ಇದೆ ಎಂದು ಗೊತ್ತಾದಾಗ ನಾನು ನಕ್ಕೆ. ಟೀಚರ್ ಕಣ್ಣು ಬಿಟ್ಟರು. ಬಾಯಿ ಮುಚ್ಚಿದೆ.

ನಮ್ಮ ಮನೆಯಿಂದ ಅತ್ತೆ ಕೊಟ್ಟದ್ದು ಒಂದು ಹಳೇ ಟವೆಲು.

ಅತ್ತೆಯ ಬಗ್ಗೆ ಸ್ವಲ್ಪ ಹೇಳಬೇಕು. ಆಳು ಪುಟ್ಟ, ದನಿ ದೊಡ್ಡ. ಮಡಿ ಕಟ್ಟುನಿಟ್ಟು. ಕಣ್ಣಿಗೆ ಪೊರೆ ಬಂದು ಬಹಳ ಕಾಲವಾಗಿದ್ದರೂ ಆಪರೇಷನ್ ಬೇಡವೆಂದು ಹಟ. "ಇನ್ನು ನೋಡೂದು ಎಂತ ಉಂಟು ಮಾರಾಯ್ತಿ, ನೋಡಿದ್ದಾಯ್ತು" ಎಂದು ನನ್ನ ಕಡೆ ತಿರುಗಿ ಹೇಳುತ್ತಿದ್ದರು. ಆದರೆ ಕೈಹೊಲಿಗೆಯಲ್ಲಿ ತನ್ನನ್ನು ಬಿಟ್ಟರಿಲ್ಲ ಎಂಬ ಜಂಬ ಮಾತ್ರ ಪೊರೆ ಬಾರದೆ ಹಾಗೇ ಇತ್ತು. ನಾನು ಏನನ್ನೂ ಯೋಚಿಸದೆ, ಊಟ ಬಡಿಸುತ್ತ, "ಜುಬೇದನ ಉಮ್ಮ ಹೊಲಿದ ಹಾಗೆ ಈ ಕೊಪ್ಪದಲ್ಲಿ ಯಾರೂ ಹೊಲೀಲಿಕ್ಕಿಲ್ಲವಂತೆ" ಅಂದೆ.

ಅತ್ತೆಯ ಕೈಯ ತುತ್ತು ನಿಂತಿತು. "ಯಾರು ಹೇಳಿದ್ದು?"

"ಅವರೇ."

"ಹೌದಾ," ಅಂದರು. ತುತ್ತು ನುಂಗಿ, "ನಾಳೆ ನಂಗೂ ರಿಕ್ಷಾಕ್ಕೆ ಹೇಳು."

ಮರುದಿನ ಅತ್ತೆ ಹೊರಟರು. ಟವೆಲು ವಾಪಸು ಪಡೆದು, ಅದರ ಬದಲಿಗೆ ತಮ್ಮ ಧಾರೆ ಸೀರೆಯ ಕೆಂಪು ತುಂಡನ್ನೇ ಕೊಟ್ಟರು. ಟವೆಲಿನ ಮೇಲೆ ಹೊಲಿಗೆ ಎದ್ದು ಕಾಣುವುದಿಲ್ಲವಂತೆ.

ಖತೀಜಮ್ಮನಿಗೂ ಪೊರೆ. ಅವರಿಗೂ ಕನ್ನಡಕ ಹಾಕಲು ನಾಚಿಕೆ. ಕಿಟಕಿಯ ಬೆಳಕು ಬೇಕೆಂದು ಇಬ್ಬರೂ ಒಂದೇ ಬದಿಯಲ್ಲಿ ಕೂತರು. ನಡುವೆ ಎರಡು ಮಾರು ಅಂತರ. ಒಂದೇ ಅಂಚಿನ ಆ ತುದಿಯಿಂದ ಖತೀಜಮ್ಮ, ಈ ತುದಿಯಿಂದ ಅತ್ತೆ. ಅತ್ತೆ ಕೌದಿಯನ್ನು ಎಳೆದು ಮೂಗಿನ ಹತ್ತಿರ ಹಿಡಿದು, ಬೆರಳಿನಿಂದ ಆ ಕಡೆಯ ಹೊಲಿಗೆ ತಡವಿ ನೋಡಿ, ಗಾಳಿಗೆ ಹೇಳಿದಂತೆ, "ಹೊಲಿಗೆ ಅಂದ್ರೆ ಇರುವೆ ಸಾಲಿನ ಹಾಗೆ ಇರ್ಬೇಕು" ಅಂದರು.

ಖತೀಜಮ್ಮ ಈ ಕಡೆಯದನ್ನು ಎಳೆದು ತಡವಿದರು. "ಇರುವೆಯಾ? ನಂಗೆ ಎತ್ತಿನ ಗಾಡಿ ಸಿಕ್ಕಿತಲ್ಲ ಭಟ್ರಮ್ಮ."

ಅಲ್ಲಿಂದ ಶುರುವಾಯಿತು ಪಂದ್ಯ. ಇಬ್ಬರೂ ತುಟಿ ಬಿಗಿಹಿಡಿದು, ಉಸಿರು ಕಟ್ಟಿ ಹೊಲಿಯತೊಡಗಿದರು. ದಾರ ಪೋಣಿಸಿ ಪೋಣಿಸಿ ನನಗೂ ಜುಬೇದಳಿಗೂ ಸಾಕಾಯಿತು. ಹೊಲಿದ ಹಾಗೆಲ್ಲ ಒಬ್ಬರ ಕಡೆಗೆ ಒಬ್ಬರು ಸರಿಯುತ್ತ ಬಂದು, ಮಧ್ಯಾಹ್ನದ ಹೊತ್ತಿಗೆ ಭುಜಕ್ಕೆ ಭುಜ ತಾಗಿತು. ಇಬ್ಬರೂ ಒಟ್ಟಿಗೇ ಗಂಟು ಹಾಕಿ ದಾರ ಕಚ್ಚಿದರು.

"ನಂದು ಮೊದಲು ಆಯ್ತು" ಎಂದು ಅತ್ತೆ ಗೆದ್ದವರ ಹಾಗೆ ಎದ್ದರು. ಎದ್ದರು ಅನ್ನುವುದಕ್ಕಿಂತ ಅರ್ಧ ಎದ್ದರು. ಕೌದಿಯೂ ಜೊತೆಗೆ ಎದ್ದಿತು. ಕೌದಿಯ ಜೊತೆ ಖತೀಜಮ್ಮನ ತಲೆಯೂ ವಾಲಿತು. ಜುಬೇದ ಓಡಿಬಂದು ನೋಡಿದರೆ, ಅತ್ತೆಯ ಸೆರಗೂ ಖತೀಜಮ್ಮನ ತಲೆವಸ್ತ್ರದ ತುದಿಯೂ ಒಂದರ ಮೇಲೊಂದು ಬಿದ್ದು, ಕೌದಿಯ ಅಂಚಿಗೆ ಸೇರಿ ಭದ್ರವಾಗಿ ಹೊಲಿದುಹೋಗಿದ್ದವು.

ಟೀಚರ್ ಕತ್ತರಿ ಹಿಡಿದು ಬಂದರು. "ಅಲ್ಲಾಡ್ಬೇಡಿ ಇಬ್ರೂ. ನಾಲ್ಕು ಹೊಲಿಗೆ ಬಿಚ್ಚಿದ್ರೆ ಆಯ್ತು."

"ಅವರದ್ದು ಬಿಚ್ಚಿ," ಅಂದರು ಅತ್ತೆ. "ನನ್ನ ಹೊಲಿಗೆ ಮುಟ್ಟೂದು ಬೇಡ."

"ನಂದು ಯಾಕೆ ಬಿಚ್ಚೂದು? ಗಾಡಿ ದಾರಿ ತಪ್ಪಿ ಈಚೆ ಬಂದದ್ದು ಯಾರದ್ದು?" ಅಂದರು ಖತೀಜಮ್ಮ.

ಟೀಚರ ಕೈಯ ಕತ್ತರಿ ಅತ್ತಿಂದಿತ್ತ ಓಡಾಡಿತು. ಜೀವನದಲ್ಲಿ ಮೊದಲ ಸಲ ಅವರ ಮಾತನ್ನು ಇಬ್ಬರು ಒಟ್ಟಿಗೇ ಕೇಳಲಿಲ್ಲ. ನಾನು ಅಲ್ಲಿಯವರೆಗೆ ಸೆರಗು ಬಾಯಿಗೆ ತುರುಕಿಕೊಂಡಿದ್ದೆ. ಇನ್ನಾಗಲಿಲ್ಲ. ನಕ್ಕೆ. ಗೋಡೆ ಹಿಡಿದುಕೊಂಡು ನಕ್ಕೆ, ಗೋಡೆ ಬಿಟ್ಟು ನೆಲ ಹಿಡಿದುಕೊಂಡು ನಕ್ಕೆ. ಜುಬೇದಳೂ ಕೂತುಬಿಟ್ಟಳು. ಟೀಚರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಬಾಯಿಯೂ ಸೋತಿತು. ಆ ಸದ್ದಿಗೆ ಎದುರು ಅಂಗಡಿಯವರು ಇಣುಕಿದರು. ಬೀದಿಯಲ್ಲಿ ಹಾಲು ಒಯ್ಯುತ್ತಿದ್ದ ಮಂಡಿನೋವಿನವಳು, "ಎಂತ ಆಯ್ತು?" ಎಂದು ಮೆಟ್ಟಿಲು ಹಾರಿಕೊಂಡು ಬಂದಳು. ನೆಂಟರ ಕಾಟದವಳೂ ಬಂದಳು. ನೋಡುತ್ತ ನೋಡುತ್ತ ಕೋಣೆ ತುಂಬಿತು. ಬಂದವರಿಗೆಲ್ಲ ಟೀಚರ್ ನಗು ಒರೆಸಿಕೊಳ್ಳುತ್ತ ಒಂದೊಂದು ಸೂಜಿ ಕೊಟ್ಟರು. ಬಂದ ಮೇಲೆ ಸುಮ್ಮನೆ ನಿಲ್ಲುವ ಹಾಗಿಲ್ಲವಲ್ಲ.

ಹೊಲಿಗೆ ಬಿಚ್ಚಲು ಮಾತ್ರ ಇಬ್ಬರೂ ಒಪ್ಪಲಿಲ್ಲ. ಅಂಟಿಕೊಂಡೇ ಕೂತರು. ಎಷ್ಟೆಂದು ಸಿಟ್ಟು ಮಾಡಿಕೊಂಡು ಕೂರುವುದು ಹೇಳಿ. ಮೊದಲು ಸೊಸೆಯಂದಿರ ವಿಚಾರ ಬಂತು, ಅಂದರೆ ನನ್ನದು. ಆಮೇಲೆ ಹೊಟ್ಟೆಯ ಗ್ಯಾಸು. ಆಮೇಲೆ ಇದ್ದಕ್ಕಿದ್ದಂತೆ ಅತ್ತೆ ದನಿ ತಗ್ಗಿಸಿ ಕೇಳಿದರು. ಅವರು ದನಿ ತಗ್ಗಿಸಿದರೂ ಕೋಣೆಗೆಲ್ಲ ಕೇಳುತ್ತದೆ.

"ಆ ಫೋನಿನಲ್ಲಿ ಎಂತದೋ ಬಂತಲ್ಲ. ನಿಮಗೆ ಹೆದರಿಕೆ ಆಯ್ತಾ?"

ಸೂಜಿಗಳೆಲ್ಲ ನಿಂತವು.

"ಆಯ್ತು," ಅಂದರು ಖತೀಜಮ್ಮ. "ನಿಮಗೆ?"

"ನಂಗೂ ಆಯ್ತು."

"ಯಾರ ಹೆದರಿಕೆ?"

"ನಿಮ್ಮದೇ."

ಖತೀಜಮ್ಮ ಅತ್ತೆಯ ಕಡೆ ತಿರುಗಿದರು. "ನಂಗೆ ನಿಮ್ಮದು," ಅಂದರು.

ಸೂಜಿಗೆ ದಾರ ಪೋಣಿಸಲಾರದ ಇಬ್ಬರು ಮುದುಕಿಯರು, ಒಂದೇ ಬಟ್ಟೆಗೆ ಹೊಲಿಸಿಕೊಂಡು ಎದ್ದೇಳಲಾರದೆ ಕೂತು, ಒಬ್ಬರ ಮಂಜು ಮುಖವನ್ನು ಒಬ್ಬರು ನೋಡಿದರು. ಮೊದಲು ನಕ್ಕದ್ದು ಅತ್ತೆ. ಮದುವೆಯಾದಂದಿನಿಂದ ನನ್ನ ನಗುವನ್ನು ಗದರಿಸುತ್ತಲೇ ಬಂದ ಅತ್ತೆ, ಹಲ್ಲಿಲ್ಲದ ಬಾಯಿ ಅಗಲ ತೆರೆದು, ಖತೀಜಮ್ಮನ ತೊಡೆಗೆ ಹೊಡೆದು ಹೊಡೆದು ನಕ್ಕರು. ಖತೀಜಮ್ಮ ಅವರ ಭುಜಕ್ಕೆ ಒರಗಿ ನಕ್ಕರು. ಬೇರೆ ಕಡೆ ಒರಗಲು ಹೊಲಿಗೆ ಬಿಡುತ್ತಿರಲಿಲ್ಲ. ಮಂಡಿನೋವಿನವಳು ಮಾತ್ರ ಕಣ್ಣೊರೆಸಿಕೊಂಡಳು. ಏನು ಎಂದು ಕೇಳಿದ್ದಕ್ಕೆ, ಧೂಳು ಅಂದಳು.

ಸಂಜೆ ದೀಪ ಹಚ್ಚುವ ಹೊತ್ತಾಯಿತೆಂದು ಅತ್ತೆ ಚಡಪಡಿಸಿದಾಗ ಜುಬೇದಳೇ ಉಪಾಯ ಮಾಡಿದಳು. ಹೊಲಿಗೆ ಬಿಚ್ಚಲಿಲ್ಲ. ಸೆರಗಿನ ತುದಿಯನ್ನೂ ತಲೆವಸ್ತ್ರದ ತುದಿಯನ್ನೂ ಕತ್ತರಿಸಿ ಕೌದಿಯಲ್ಲೇ ಬಿಟ್ಟಳು. "ಸೀರೆ ಹೋದ್ರೆ ಹೋಗ್ಲಿ," ಅಂದರು ಅತ್ತೆ, "ಹೊಲಿಗೆ ಉಳೀತಲ್ಲ."

ಕೌದಿ ಅಂಗನವಾಡಿಗೆ ಹೋಯಿತು. ಮಕ್ಕಳು ಮೊದಲ ದಿನವೇ ಅದರ ಮೇಲೆ ಮಲಗಿ, ಮಕ್ಕಳು ಮಾಡುವುದನ್ನೆಲ್ಲ ಮಾಡಿ, ಅದನ್ನು ತಮ್ಮದಾಗಿಸಿಕೊಂಡರು. ಕ್ಲಾಸಿಗೆ ಹೆಂಗಸರು ಬಂದರು. ಎಲ್ಲರೂ ಬಂದರು ಎಂದರೆ ಸುಳ್ಳಾಗುತ್ತದೆ. ಬಾರದವರು ಬರಲೇ ಇಲ್ಲ, ದಾರಿಯಲ್ಲಿ ಸಿಕ್ಕಿದರೆ ಈಗಲೂ ಬೇರೆ ಕಡೆ ನೋಡುತ್ತಾರೆ. ಆದರೆ ಜುಬೇದ ಮಿಷನ್ ಮಾರುವ ಮಾತು ಮತ್ತೆ ಎತ್ತಲಿಲ್ಲ. ಅತ್ತೆಯೂ ಖತೀಜಮ್ಮನೂ ದಿನಾ ಬೆಳಿಗ್ಗೆ ಫೋನಿನಲ್ಲಿ ಮಾತಾಡುತ್ತಾರೆ. ಇಬ್ಬರಿಗೂ ಈಗ ಕಿವಿಯೂ ಮಂದ, ಆದ್ದರಿಂದ ಬಸ್‌ಸ್ಟ್ಯಾಂಡಿನವರೆಗೆ ಎಲ್ಲರಿಗೂ ಇಬ್ಬರ ಆರೋಗ್ಯ ಗೊತ್ತಿರುತ್ತದೆ.

ಅತ್ತೆಯ ಮಡಿ ಕರಗಿಹೋಯಿತೇ ಎಂದು ನೀವು ಕೇಳಬಹುದು. ಇಲ್ಲ. ಖತೀಜಮ್ಮನ ಮನೆಯಲ್ಲಿ ಅವರು ಇವತ್ತಿಗೂ ಬೇಯಿಸಿದ್ದನ್ನು ತಿನ್ನುವುದಿಲ್ಲ. ಆದರೆ ಎಳನೀರಿಗೆ ಮಡಿ ಇಲ್ಲವೆಂದು ತಾವೇ ಒಂದು ಶಾಸ್ತ್ರ ಮಾಡಿಕೊಂಡಿದ್ದಾರೆ. ಅವರು ಬರುತ್ತಾರೆಂದರೆ ಖತೀಜಮ್ಮ ಮೊದಲೇ ಎಳನೀರು ತರಿಸಿಡುತ್ತಾರೆ. ನನಗೆ ಮೊದಲು ಇದು ಅರ್ಧಂಬರ್ಧ ಅನ್ನಿಸುತ್ತಿತ್ತು. ಈಗ ಆ ಎಳನೀರಿನಲ್ಲಿ ಇಬ್ಬರೂ ಎಷ್ಟು ದೂರ ನಡೆದು ಬಂದಿದ್ದಾರೆ ಎಂದು ಕಾಣುತ್ತದೆ.

ಇವತ್ತು ಬೆಳಿಗ್ಗೆ ನಾನು ಸೀರೆ ತೆಗೆಯುತ್ತಿದ್ದದ್ದೂ ಅಲ್ಲಿಗೆ ಹೋಗಲಿಕ್ಕೇ. ಖತೀಜಮ್ಮ ಶಿವಮೊಗ್ಗದಲ್ಲಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದಿದ್ದಾರೆ. ಇವತ್ತು ಭಾನುವಾರ ಅಂಗನವಾಡಿಗೆ ರಜೆ, ಅಲ್ಲಿಯವರಿಗೆ ಹೇಳಿ ಒಂದು ದಿನದ ಮಟ್ಟಿಗೆ ಕೌದಿಯನ್ನೂ ತರಿಸಬೇಕೆಂದು ಅತ್ತೆಯ ಅಪ್ಪಣೆ. "ಈಗಾದ್ರೂ ನನ್ನ ಹೊಲಿಗೆ ನೋಡಿ ಹೊಟ್ಟೆ ಉರ್ಕೊಳ್ಳಲಿ."

ಹೋದೆವು. ಕೌದಿ ಹರಡಿದೆವು. ಖತೀಜಮ್ಮ ಅದನ್ನು ನೋಡಲಿಲ್ಲ. ಅತ್ತೆಯನ್ನೇ ನೋಡುತ್ತ ಕೂತರು.

"ಎಂತ ನೋಡ್ತೀರಿ?" ಅಂದರು ಅತ್ತೆ.

"ದನಿ ಕೇಳಿ ನೀವು ಎತ್ತರ, ದಪ್ಪ ಇದ್ದೀರಿ ಅಂದ್ಕೊಂಡಿದ್ದೆ ಭಟ್ರಮ್ಮ. ಇಷ್ಟೇ ಇಷ್ಟು ಇದ್ದೀರಿ. ನಿಮ್ಮ ಗಲ್ಲದ ಮೇಲೆ ಒಂದು ಮಚ್ಚೆ ಉಂಟು. ಚಂದ ಉಂಟು."

ಅತ್ತೆಯ ಕೈ ಗಲ್ಲಕ್ಕೆ ಹೋಯಿತು. ಎಳನೀರು ಕುಡಿದು ರಿಕ್ಷಾ ಹತ್ತಿದ ಮೇಲೂ, ಮನೆ ಮುಟ್ಟುವವರೆಗೂ, ಆ ಮಚ್ಚೆ ತಡವುತ್ತಲೇ ಇದ್ದರು.

ಇದನ್ನು ಬರೆಯುತ್ತಿರುವಾಗ ಅತ್ತೆ ಬಾಗಿಲಲ್ಲಿ ಬಂದು ನಿಂತಿದ್ದಾರೆ. "ಆ ಶಿವಮೊಗ್ಗದ ಡಾಕ್ಟ್ರು ನಾಳೆ ಇರ್ತಾರಾ ಕೇಳು," ಅನ್ನುತ್ತಿದ್ದಾರೆ. "ಖತೀಜಮ್ಮ ನನ್ನ ನೋಡಿ ಆಯ್ತು. ನಾನು ಅವರನ್ನ ನೋಡ್ಲಿಲ್ಲ ಇನ್ನೂ."